ಟೈಮ್‌ಲೈನ್‌ನಲ್ಲಿ ಘಟನೆಗಳ ಅವಧಿ ತೋರಿಸುವುದು ಹೇಗೆ? ಮೈಸೂರು ಸಂಸ್ಥಾನದ ಉದಾಹರಣೆಯೊಂದಿಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಂಪ್ಯೂಟರಿನಲ್ಲಿ ಇತಿಹಾಸದ ಟೈಮ್‌ಲೈನ್ ಮಾಡುವ ಶಿಕ್ಷಕರು, ವಿದ್ಯಾರ್ಥಿಗಳು, ಊರಿನ ಚರಿತ್ರೆ ಕಲೆಹಾಕುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ. ಉದಾಹರಣೆಗೆ ಹೆಚ್ಚಾಗಿ ಒಂದೇ ವಿಷಯ ಇಟ್ಟುಕೊಂಡಿದ್ದೇನೆ: 1799ರಿಂದ 1956ರವರೆಗಿನ ಮೈಸೂರು. ರಾಜರು, ದಿವಾನರು, ಬರ, ಅಣೆಕಟ್ಟು, ಮುತ್ತಿಗೆ ಎಲ್ಲವೂ ಇದರಲ್ಲಿ ಸಿಗುತ್ತವೆ. ಬೇಕಾದ ಕಡೆ ಬಾದಾಮಿಗೂ ವಿಜಯನಗರಕ್ಕೂ ಹೋಗಿ ಬಂದಿದ್ದೇನೆ.

ಇಸವಿ ಹಾಕಿದರೆ ಸಾಲದಾ? ಅವಧಿ ಬೇರೆ ಯಾಕೆ ತೋರಿಸಬೇಕು?

ಸಾಲದು. ಕನ್ನಂಬಾಡಿ ಕಟ್ಟೆಯನ್ನೇ ತೆಗೆದುಕೊಳ್ಳಿ. ಟೈಮ್‌ಲೈನ್‌ನಲ್ಲಿ ‘1911: ಕೃಷ್ಣರಾಜಸಾಗರ’ ಎಂದು ಒಂದು ಚುಕ್ಕಿ ಇಟ್ಟು ಮುಂದಕ್ಕೆ ಹೋದರೆ ಅದು ಸುಳ್ಳಾಗುವುದಿಲ್ಲ. ಆದರೆ ಓದುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಕೆಲಸ ಶುರುವಾದದ್ದು 1911ರ ನವೆಂಬರಿನಲ್ಲಿ. ಮುಗಿಯುವ ಹೊತ್ತಿಗೆ 1930ರ ದಶಕ ಬಂದಿತ್ತು. ಸುಮಾರು 20 ವರ್ಷದ ಉದ್ದನೆಯ ಪಟ್ಟೆ ಅದು.

ಈಗ ಆ ಪಟ್ಟೆಯ ಕೆಳಗೆ ದಿವಾನರ ಪಟ್ಟೆಗಳನ್ನು ಹಾಕಿ. ವಿಶ್ವೇಶ್ವರಯ್ಯನವರದು 1912ರಿಂದ 1918. ಮಿರ್ಜಾ ಇಸ್ಮಾಯಿಲ್ ಅವರದು 1926ರಿಂದ 1941. ತಕ್ಷಣ ಕಾಣುವುದೇನು? ಕಟ್ಟೆಯ ಕೆಲಸ ಶುರುವಾದಾಗ ವಿಶ್ವೇಶ್ವರಯ್ಯ ಇನ್ನೂ ದಿವಾನರಾಗಿರಲಿಲ್ಲ. 1909ರಿಂದ ಅವರು ಸಂಸ್ಥಾನದ ಮುಖ್ಯ ಎಂಜಿನಿಯರ್. ಅವರು ದಿವಾನಗಿರಿ ಬಿಟ್ಟ ಮೇಲೂ ಹತ್ತು ವರ್ಷಕ್ಕಿಂತ ಜಾಸ್ತಿ ಕಾಲ ಕೆಲಸ ನಡೆಯಿತು. ಮೊದಲ ಮಹಾಯುದ್ಧ ಪೂರ್ತಿಯಾಗಿ ಆ ಪಟ್ಟೆಯ ಒಳಗೇ ಬಂದು ಹೋಗುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಪಟ್ಟೆ ಮಾತ್ರ ಈ ತುದಿಯಿಂದ ಆ ತುದಿಯವರೆಗೆ ಇಡೀ ಕೆಲಸದ ಮೇಲೆ ಹಾಸಿಕೊಂಡಿರುತ್ತದೆ. ಒಂದು ಕಟ್ಟೆಗೆ ಒಬ್ಬರ ಹೆಸರು ಅಂಟಿಸಿ ಸುಮ್ಮನಾಗುವ ನಮ್ಮ ಅಭ್ಯಾಸವನ್ನು ಇಂಥ ನಾಲ್ಕು ಪಟ್ಟೆಗಳು ಒಂದು ಮಾತೂ ಇಲ್ಲದೆ ತಿದ್ದುತ್ತವೆ. ಯಾವುದು ಯಾವುದರ ಜೊತೆಗೆ ನಡೆಯುತ್ತಿತ್ತು ಅನ್ನುವುದನ್ನು ಚುಕ್ಕಿಗಳ ಸಾಲು ಎಂದೂ ಹೇಳಲಾರದು.

ಹಾಗಾದರೆ ಎಲ್ಲಕ್ಕೂ ಪಟ್ಟೆಯೇ ಹಾಕಬೇಕಾ?

ಬೇಡ. 1881ರ ಮಾರ್ಚ್ 25ರಂದು ಮೈಸೂರಿನ ಆಡಳಿತ ಬ್ರಿಟಿಷರಿಂದ ಒಡೆಯರ ಮನೆತನಕ್ಕೆ ಮರಳಿತು. ಅದು ಒಂದು ದಿನದ ಘಟನೆ, ಚುಕ್ಕಿ ಸಾಕು. ಆದರೆ ಅದಕ್ಕೆ ಮುಂಚಿನ ಕಮಿಷನರ್ ಆಡಳಿತ 1831ರಿಂದ ನಡೆದದ್ದು, ಅದಕ್ಕೆ ಪಟ್ಟೆ ಬೇಕು. ‘ಇದು ನಡೆಯುತ್ತಿರುವಾಗ ಬೇರೇನಾಯಿತು?’ ಎಂಬ ಪ್ರಶ್ನೆಗೆ ಅರ್ಥ ಇದ್ದರೆ ಪಟ್ಟೆ ಹಾಕಿ. ಇಲ್ಲದಿದ್ದರೆ ಚುಕ್ಕಿ.

ಯಾವ ಸಾಫ್ಟ್‌ವೇರ್ ಬಳಸುವುದು?

ನಿಮ್ಮ ಕೆಲಸ ನೋಡಿಕೊಂಡು ಆರಿಸಿ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ನೈಟ್ ಲ್ಯಾಬ್ ಮಾಡಿದ ಟೈಮ್‌ಲೈನ್ ಜೆಎಸ್ ಬಹಳ ಜನ ಬಳಸುವ ಉಚಿತ ಸಾಧನ. ಗೂಗಲ್ ಶೀಟ್‌ನಲ್ಲಿ ಮಾಹಿತಿ ತುಂಬಿದರೆ ಅದು ಟೈಮ್‌ಲೈನ್ ಆಗುತ್ತದೆ. ಶುರುವಿನ ಇಸವಿ, ತಿಂಗಳು, ದಿನಕ್ಕೆ ಬೇರೆ ಬೇರೆ ಕಾಲಂ ಇದೆ, ಮುಗಿದ ದಿನಾಂಕಕ್ಕೂ ಹಾಗೆಯೇ. ಮುಗಿದ ದಿನಾಂಕದ ಕಾಲಂಗಳನ್ನು ಖಾಲಿ ಬಿಟ್ಟರೆ ಅವಧಿ ಬರುವುದಿಲ್ಲ. ಬಹಳ ಜನ ಎಡವುವುದು ಇಲ್ಲೇ. ದೊಡ್ಡ ಕಾಲಘಟ್ಟವನ್ನು ಹಿನ್ನೆಲೆಯಲ್ಲಿ ತೋರಿಸಲು ಅದರಲ್ಲಿ ‘ಎರಾ’ ಎಂಬ ಬಗೆಯೂ ಇದೆ. ಚಿತ್ರ, ಬರಹ ಇಟ್ಟು ಒಂದೊಂದಾಗಿ ಕಥೆ ಹೇಳುವುದಕ್ಕೆ ಇದು ಚೆನ್ನ. ಹಲವು ಪಟ್ಟೆಗಳನ್ನು ಒಟ್ಟಿಗೆ ಹೋಲಿಸಿ ನೋಡುವುದಕ್ಕೆ ಅಷ್ಟು ಹೊಂದುವುದಿಲ್ಲ.

ಹೋಲಿಕೆ ಮುಖ್ಯವಾದರೆ ವಿಸ್ ಟೈಮ್‌ಲೈನ್ ನೋಡಿ. ಸ್ವಲ್ಪ ಜಾವಾಸ್ಕ್ರಿಪ್ಟ್ (ವೆಬ್ ಪುಟಗಳಿಗೆ ಬಳಸುವ ಪ್ರೋಗ್ರಾಮಿಂಗ್ ಭಾಷೆ) ಬರಬೇಕು. ಅದರಲ್ಲಿ ಪ್ರತಿ ಘಟನೆಗೂ ಶುರು ಮತ್ತು ಕೊನೆ ಕೊಡಬಹುದು, ಗುಂಪು ಮಾಡಿ ಬೇರೆ ಬೇರೆ ಸಾಲಿನಲ್ಲಿ ಇಡಬಹುದು, ಝೂಮ್ ಮಾಡಬಹುದು.

ಏನೂ ಕಲಿಯಲು ಸಮಯ ಇಲ್ಲವೇ? ಎಕ್ಸೆಲ್ ಅಥವಾ ಲಿಬ್ರೆ ಆಫೀಸ್‌ನಲ್ಲೇ ಮಾಡಬಹುದು. ಒಂದು ಕಾಲಂನಲ್ಲಿ ಶುರುವಿನ ಇಸವಿ, ಇನ್ನೊಂದರಲ್ಲಿ ಎಷ್ಟು ವರ್ಷ ಎಂದು ಬರೆಯಿರಿ. ಅಡ್ಡ ಪಟ್ಟೆಗಳ ಸ್ಟ್ಯಾಕ್ಡ್ ಬಾರ್ ಚಾರ್ಟ್ ಮಾಡಿ, ಮೊದಲ ಕಾಲಂನ ಬಣ್ಣ ತೆಗೆದುಹಾಕಿ. ಉಳಿಯುವುದೇ ನಿಮ್ಮ ಅವಧಿಯ ಪಟ್ಟೆ. ಅಕ್ಷದ ಶುರುವನ್ನು ಸೊನ್ನೆಯಿಂದ 1799ಕ್ಕೆ ಬದಲಿಸುವುದನ್ನು ಮರೆಯಬೇಡಿ. ಶಾಲೆಯ ಕೆಲಸಕ್ಕೆ ಇಷ್ಟು ಧಾರಾಳವಾಗಿ ಸಾಕು.

ಶೀಟ್‌ನಲ್ಲಿ ದಿನಾಂಕ ಹೇಗೆ ಬರೆಯಬೇಕು? ಎಕ್ಸೆಲ್ ನನ್ನ ದಿನಾಂಕ ಒಪ್ಪುತ್ತಿಲ್ಲ.

ಎಕ್ಸೆಲ್‌ನ ಕ್ಯಾಲೆಂಡರ್ ಶುರುವಾಗುವುದೇ 1900ರ ಜನವರಿ 1ರಿಂದ. ಅದಕ್ಕೂ ಹಿಂದಿನ ದಿನಾಂಕವನ್ನು ಅದು ಬರೀ ಅಕ್ಷರ ಎಂದುಕೊಳ್ಳುತ್ತದೆ, ಲೆಕ್ಕ ಮಾಡುವುದಿಲ್ಲ. ನಮ್ಮ ಮೈಸೂರಿನ ಕಥೆ ಸುಮಾರು ಮೂರನೇ ಎರಡು ಪಾಲು ಅದಕ್ಕಿಂತ ಹಿಂದಿನದು, ಅಲ್ವಾ? ಹಾಗಾಗಿ ಇಸವಿ, ತಿಂಗಳು, ದಿನ ಮೂರನ್ನೂ ಬೇರೆ ಬೇರೆ ಕಾಲಂನಲ್ಲಿ ಇಡಿ.

ಇದಕ್ಕೆ ಇನ್ನೂ ಒಂದು ಕಾರಣ ಇದೆ. 1799ರ ಶ್ರೀರಂಗಪಟ್ಟಣದ ಮುತ್ತಿಗೆ ಶುರುವಾದದ್ದು ಏಪ್ರಿಲ್ 5ಕ್ಕೆ. ಕೋಟೆ ಬಿದ್ದದ್ದು, ಟಿಪ್ಪು ಸುಲ್ತಾನ್ ಮಡಿದದ್ದು ಮೇ 4ಕ್ಕೆ. ನಾವು ಬರೆಯುವ ರೀತಿಯಲ್ಲಿ 5-4-1799ರಿಂದ 4-5-1799. ತಿಂಗಳನ್ನು ಮೊದಲು ಓದುವ ಅಮೆರಿಕನ್ ಸೆಟ್ಟಿಂಗ್ ಇರುವ ಸಾಫ್ಟ್‌ವೇರ್ ಇದನ್ನು ಮೇ 4ರಂದು ಶುರು, ಏಪ್ರಿಲ್ 5ರಂದು ಕೊನೆ ಎಂದು ಓದುತ್ತದೆ. ಮುತ್ತಿಗೆ ಶುರುವಾಗುವ ಮೊದಲೇ ಮುಗಿದುಹೋಗುತ್ತದೆ! ಕೆಲವು ಸಾಧನಗಳು ಆಗ ತಪ್ಪು ಎಂದು ಹೇಳುತ್ತವೆ, ಕೆಲವು ಸುಮ್ನೆ ಪಟ್ಟೆಯನ್ನೇ ತೋರಿಸುವುದಿಲ್ಲ.

ಜಾವಾಸ್ಕ್ರಿಪ್ಟ್ ಬರೆಯುವವರಿಗೆ ಒಂದು ಮಾತು: ದಿನಾಂಕವನ್ನು ಅಂಕಿಗಳಾಗಿ ಕೊಡುವಾಗ ಅದರಲ್ಲಿ ಜನವರಿ ಅಂದರೆ 0, ಡಿಸೆಂಬರ್ ಅಂದರೆ 11. ಇಸವಿ 0ರಿಂದ 99ರೊಳಗೆ ಇದ್ದರೆ ಅದನ್ನು 1900ರ ನಂತರದ್ದು ಎಂದು ತಿಳಿಯುತ್ತದೆ. ಶಾತವಾಹನರ ಕಾಲಕ್ಕೆ ಹೋಗುವವರು ಇದನ್ನು ನೆನಪಿಡಬೇಕು.

ಕನ್ನಡ ಅಂಕಿಯಲ್ಲಿ ಇಸವಿ ಬರೆಯಬಹುದಾ?

ತೋರಿಸುವಾಗ ಖಂಡಿತ ಬರೆಯಬಹುದು, ಚೆನ್ನಾಗಿಯೂ ಕಾಣುತ್ತದೆ. ಆದರೆ ಶೀಟ್‌ನ ಒಳಗೆ 1902 ಎಂದೇ ಇರಲಿ. ‘೧೯೦೨’ ಎಂದು ಬರೆದರೆ ಹೆಚ್ಚಿನ ಪ್ರೋಗ್ರಾಮುಗಳು ಅದನ್ನು ಸಂಖ್ಯೆ ಎಂದು ಗುರುತಿಸುವುದಿಲ್ಲ. ತಿಂಗಳ ಹೆಸರು, ಅಂಕಿ ಎರಡನ್ನೂ ಕನ್ನಡದಲ್ಲಿ ಬರೆದುಕೊಡುವ ವ್ಯವಸ್ಥೆ ಇವತ್ತಿನ ಬ್ರೌಸರುಗಳಲ್ಲೇ ಇದೆ. ಮಾಹಿತಿ ಒಂದು ರೂಪದಲ್ಲಿರಲಿ, ನೋಟ ಕನ್ನಡದಲ್ಲಿರಲಿ.

ಇಸವಿ ಮಾತ್ರ ಗೊತ್ತು, ದಿನ ಗೊತ್ತಿಲ್ಲ. ಪಟ್ಟೆಯನ್ನು ಎಲ್ಲಿಂದ ಎಲ್ಲಿಗೆ ಎಳೆಯಬೇಕು?

ಇದು ಕಾಣುವಷ್ಟು ಸುಲಭದ ಪ್ರಶ್ನೆ ಅಲ್ಲ. ನಾಲ್ವಡಿಯವರು ಪಟ್ಟಕ್ಕೆ ಬಂದದ್ದು 1895ರ ಫೆಬ್ರವರಿ 1ರಂದು, ಇನ್ನೂ ಬಾಲಕರಾಗಿದ್ದಾಗ. 1902ರ ಆಗಸ್ಟ್ 8ರವರೆಗೆ ತಾಯಿ ಕೆಂಪನಂಜಮ್ಮಣ್ಣಿಯವರು ರೀಜೆಂಟ್ ಆಗಿ, ಅಂದರೆ ಮಗನ ಪರವಾಗಿ, ರಾಜ್ಯ ನೋಡಿಕೊಂಡರು. ನಿಜವಾದ ಲೆಕ್ಕ ಏಳೂವರೆ ವರ್ಷ. ‘1895–1902’ ಎಂದಷ್ಟೇ ಬರೆದುಕೊಂಡು, ಮೊದಲ ಇಸವಿಯ ಜನವರಿ 1ರಿಂದ ಕೊನೆಯ ಇಸವಿಯ ಡಿಸೆಂಬರ್ 31ರವರೆಗೆ ಎಳೆದರೆ ಎಂಟು ವರ್ಷ ಆಗುತ್ತದೆ. ಎರಡೂ ಕಡೆ ಜನವರಿ 1 ಹಿಡಿದರೆ ಏಳೇ ವರ್ಷ. ಒಂದೇ ಬರಹ, ಎರಡು ಉದ್ದ.

ದಿವಾನರ ಸಾಲಿನಲ್ಲಿ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ರಂಗಾಚಾರ್ಲು 1881–1883, ಶೇಷಾದ್ರಿ ಅಯ್ಯರ್ 1883–1901. ಎರಡಕ್ಕೂ ಪೂರ್ತಿ ವರ್ಷ ಕೊಟ್ಟರೆ 1883ರಲ್ಲಿ ಒಂದು ಇಡೀ ವರ್ಷ ಇಬ್ಬರು ದಿವಾನರು ಕುಳಿತಂತೆ ಕಾಣುತ್ತದೆ. ಹಾಗೆ ಇರಲಿಲ್ಲ. ರಂಗಾಚಾರ್ಲು ತೀರಿಕೊಂಡ ಮೇಲೆ ಶೇಷಾದ್ರಿ ಅಯ್ಯರ್ ಬಂದರು.

ನಾನು ಪಾಲಿಸುವ ಕ್ರಮ ಹೀಗಿದೆ. ದಿನ ಸಿಗುವವರೆಗೆ ಹುಡುಕುತ್ತೇನೆ. ಸಿಗದಿದ್ದರೆ ಎರಡೂ ತುದಿಗೆ ಆ ಇಸವಿಯ ನಡುವಿನ ದಿನ, ಜುಲೈ 1 ಹಿಡಿಯುತ್ತೇನೆ. ಜೊತೆಗೆ ‘ನಿಖರತೆ’ ಎಂಬ ಒಂದು ಕಾಲಂ ಇಟ್ಟು ಅದರಲ್ಲಿ ‘ಇಸವಿ ಮಾತ್ರ’ ಎಂದು ಬರೆಯುತ್ತೇನೆ. ಈ ಕಾಲಂ ಬಹಳ ಮುಖ್ಯ. ಇಲ್ಲದಿದ್ದರೆ ಮುಂದೆ ಯಾರೋ ನಿಮ್ಮ ಶೀಟ್ ನೋಡಿ ‘ಜುಲೈ 1ರಂದು ಅಧಿಕಾರ ವಹಿಸಿಕೊಂಡರು’ ಎಂದು ಬರೆದುಬಿಡುತ್ತಾರೆ, ಅದು ಹತ್ತು ಕಡೆ ಹರಡುತ್ತದೆ. ವಿಕಿಪೀಡಿಯದ ಜೊತೆಗಿರುವ ಮುಕ್ತ ಮಾಹಿತಿ ಸಂಗ್ರಹ ವಿಕಿಡೇಟಾದಲ್ಲಿ ಕೂಡ ಪ್ರತಿ ದಿನಾಂಕದ ಜೊತೆ ಅದು ದಿನದ ಮಟ್ಟದ್ದೋ, ವರ್ಷದ ಮಟ್ಟದ್ದೋ, ಶತಮಾನದ ಮಟ್ಟದ್ದೋ ಎಂದು ಬೇರೆಯಾಗಿ ದಾಖಲಿಸುತ್ತಾರೆ.

ಕೊನೆಯ ದಿನ ಪಟ್ಟೆಯಲ್ಲಿ ಸೇರಿದೆಯೋ ಇಲ್ಲವೋ?

ಸಾಫ್ಟ್‌ವೇರ್ ಮೇಲೆ ಅವಲಂಬಿಸಿದೆ. 2024ರ ಮೈಸೂರು ದಸರಾ ಅಕ್ಟೋಬರ್ 3ರಿಂದ 12ರವರೆಗೆ ಹತ್ತು ದಿನ ನಡೆಯಿತು. ಕೊನೆಯ ದಿನಾಂಕ 12 ಎಂದು ಕೊಟ್ಟರೆ ಬಹಳ ಸಾಧನಗಳು ಅದನ್ನು 12ನೇ ತಾರೀಕು ಶುರುವಾಗುವ ಮಧ್ಯರಾತ್ರಿ ಎಂದು ತಿಳಿದು, ಒಂಬತ್ತೇ ದಿನದ ಪಟ್ಟೆ ಎಳೆಯುತ್ತವೆ. ಬಿಟ್ಟುಹೋಗುವುದು ಯಾವ ದಿನ ನೋಡಿ: ವಿಜಯದಶಮಿ, ಜಂಬೂ ಸವಾರಿಯ ದಿನ! ಕಂಪ್ಯೂಟರ್ ಕ್ಯಾಲೆಂಡರುಗಳು ಮಾಹಿತಿ ಹಂಚಿಕೊಳ್ಳುವ ಐಕ್ಯಾಲೆಂಡರ್ ಪದ್ಧತಿಯಲ್ಲೂ ಇಡೀ ದಿನದ ಕಾರ್ಯಕ್ರಮಕ್ಕೆ ಕೊನೆ ಅಂದರೆ ಮುಗಿದ ಮರುದಿನ. ಹಾಗಾಗಿ ಅಲ್ಲಿ 13 ಎಂದು ಕೊಡಬೇಕು, ಓದುಗರಿಗೆ 12 ಎಂದು ತೋರಿಸಬೇಕು.

ಪ್ರತಿ ವರ್ಷದ ಹಬ್ಬಕ್ಕೆ ಹತ್ತು ದಿನ ಎಂದು ಸೂತ್ರ ಹಾಕಿಡಬೇಡಿ. ತಿಥಿಯ ಲೆಕ್ಕದಿಂದಾಗಿ 2025ರ ದಸರಾ ಸೆಪ್ಟೆಂಬರ್ 22ರಿಂದ ಅಕ್ಟೋಬರ್ 2ರವರೆಗೆ ಹನ್ನೊಂದು ದಿನ ಆಯಿತು.

ಯಾವಾಗ ಶುರುವಾಯಿತು ಎಂದು ಯಾರಿಗೂ ಹೇಳಲಾಗದ ಘಟನೆಗಳಿಗೆ ಏನು ಮಾಡುವುದು?

1876–78ರ ಮಹಾ ಬರ ಇದಕ್ಕೆ ಸರಿಯಾದ ಉದಾಹರಣೆ. ಯುದ್ಧ ಶುರುವಾದ ದಿನ ಹೇಳಬಹುದು. ಬರ ಯಾವ ದಿನ ಶುರುವಾಯಿತು? ಮಳೆ ಕೈಕೊಟ್ಟ ದಿನವೇ, ಕಣಜ ಖಾಲಿಯಾದ ದಿನವೇ, ಜನ ಊರು ಬಿಟ್ಟ ದಿನವೇ? ಮುಗಿದದ್ದೂ ಹಾಗೆಯೇ. ಮಳೆ ಬಂದ ತಕ್ಷಣ ಹಸಿವು ಹೋಗುವುದಿಲ್ಲ. ಇಂಥದಕ್ಕೆ ಚೌಕನೆಯ ತುದಿಯ ಪಟ್ಟೆ ಹಾಕುವುದು ತಪ್ಪು ಎಂದೇ ನನ್ನ ಅಭಿಪ್ರಾಯ. ಎರಡೂ ತುದಿಯಲ್ಲಿ ಬಣ್ಣ ನಿಧಾನಕ್ಕೆ ತೆಳುವಾಗುತ್ತಾ ಹೋಗಲಿ. ಸಿಎಸ್‌ಎಸ್‌ನಲ್ಲಿ (ವೆಬ್ ಪುಟದ ನೋಟ ನಿರ್ಧರಿಸುವ ಭಾಷೆ) ಗ್ರೇಡಿಯಂಟ್ ಕೊಟ್ಟರೆ ಎರಡು ಸಾಲಿನ ಕೆಲಸ. ನಡುವೆ ಬಣ್ಣ ದಟ್ಟ, ಅಂಚಿನಲ್ಲಿ ಮಸುಕು. ನೋಡಿದವರಿಗೆ ಯಾರೂ ವಿವರಿಸದೆಯೇ ಅರ್ಥವಾಗುತ್ತದೆ.

ಹಲ್ಮಿಡಿ ಶಾಸನಕ್ಕೆ 425ರಿಂದ 475ರವರೆಗೆ ಪಟ್ಟೆ ಹಾಕಬಹುದಾ? ಕಾಲ ಖಚಿತವಾಗಿ ಗೊತ್ತಿಲ್ಲವಲ್ಲ.

ಹಾಕಬೇಡಿ. ಈ ಪುಟದಲ್ಲಿ ಒಂದೇ ಉತ್ತರ ಓದುತ್ತೀರಾದರೆ ಇದನ್ನು ಓದಿ.

‘ಇಷ್ಟು ಕಾಲ ನಡೆಯಿತು’ ಎಂಬುದು ಒಂದು ವಿಷಯ. ‘ಈ ಕಾಲದೊಳಗೆ ಯಾವಾಗಲೋ ಆಯಿತು’ ಎಂಬುದು ಬೇರೆಯೇ ವಿಷಯ. ಹಲ್ಮಿಡಿ ಶಾಸನದಲ್ಲಿ ಇಸವಿ ಇಲ್ಲ. ಸುಮಾರು ಕ್ರಿ.ಶ. 450 ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದನ್ನು 50 ವರ್ಷದ ಪಟ್ಟೆ ಮಾಡಿದರೆ, ಪಕ್ಕದಲ್ಲೇ ಕದಂಬರ ಆಳ್ವಿಕೆಯ ಪಟ್ಟೆ ನೋಡಿದ ವಿದ್ಯಾರ್ಥಿ, ಒಂದು ಕಲ್ಲು ಕೆತ್ತಲು ಅರ್ಧ ಶತಮಾನ ಹಿಡಿಯಿತು ಎಂದುಕೊಂಡರೆ ಅದರಲ್ಲಿ ಅವನ ತಪ್ಪೇನಿದೆ? ಎರಡಕ್ಕೂ ನಾವು ಒಂದೇ ಗುರುತು ಬಳಸಿದ್ದೇವೆ.

ಇಂಥ ಕಡೆ ಚುಕ್ಕಿಯೇ ಇರಲಿ. ಚುಕ್ಕಿಯ ಎರಡೂ ಬದಿಗೆ ತೆಳುವಾದ ತುಂಡು ಗೆರೆ ಎಳೆಯಿರಿ. ಗೆರೆ ಅಂದರೆ ನಮ್ಮ ಅನುಮಾನದ ಅಗಲ, ದಪ್ಪ ಪಟ್ಟೆ ಅಂದರೆ ಘಟನೆಯ ಉದ್ದ. ಈ ಎರಡು ಗುರುತು ಯಾವತ್ತೂ ಬೆರೆಯಬಾರದು. ಪಟ್ಟೆಯ ತುದಿಯಲ್ಲಿ ಅನುಮಾನ ಇದ್ದರೂ ಇದೇ ಉಪಾಯ: ಖಚಿತ ಇರುವಷ್ಟು ದಪ್ಪ, ಆಮೇಲೆ ತುಂಡು ಗೆರೆ.

ಇದು ಹೊಸ ಆಲೋಚನೆ ಏನಲ್ಲ. 1765ರಲ್ಲೇ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಸುಮಾರು 2000 ಜನರ ಬದುಕಿನ ಅವಧಿಯನ್ನು ಅಡ್ಡ ಗೆರೆಗಳಾಗಿ ಒಂದೇ ದೊಡ್ಡ ಹಾಳೆಯಲ್ಲಿ ತೋರಿಸಿದಾಗ, ಹುಟ್ಟು ಸಾವಿನ ಕಾಲ ಖಚಿತ ಇಲ್ಲದ ಕಡೆ ಗೆರೆಯ ಬದಲು ಚುಕ್ಕಿಗಳನ್ನು ಇಟ್ಟಿದ್ದ. ಕೈಯಲ್ಲಿ ಎಳೆಯುವ ಕಾಲದಲ್ಲೇ ಇಷ್ಟು ಎಚ್ಚರ ಇತ್ತು.

ಶೀಟ್‌ನಲ್ಲಿ ಇಂಥ ಅಂದಾಜು ದಿನಾಂಕಗಳನ್ನು ಬರೆದಿಡಲು ಇಡಿಟಿಎಫ್ ಎಂಬ ಪದ್ಧತಿ ಇದೆ. 2019ರಲ್ಲಿ ಅದು ಐಎಸ್‌ಒ 8601-2 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ಸೇರಿತು. ಅದರಲ್ಲಿ 0450~ ಅಂದರೆ ಸುಮಾರು 450. ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಅನುಮಾನ ಇದೆ ಎಂದರ್ಥ. 1876~/1878~ ಅಂದರೆ ಎರಡೂ ತುದಿ ಅಂದಾಜು. ಎಲ್ಲ ಟೈಮ್‌ಲೈನ್ ಸಾಧನಗಳೂ ಇದನ್ನು ನೇರವಾಗಿ ಓದುವುದಿಲ್ಲ. ಆದರೂ ಶೀಟ್‌ನಲ್ಲಿ ಇದ್ದರೆ ಮಾಹಿತಿ ಕಳೆದುಹೋಗುವುದಿಲ್ಲ.

ಶಾಸನದಲ್ಲಿ ಶಕ ವರ್ಷ ಇದೆ. ಅದು ಚುಕ್ಕಿಯೋ ಪಟ್ಟೆಯೋ?

ಒಂದನೇ ಪುಲಕೇಶಿ ಬಾದಾಮಿಯಲ್ಲಿ ಕೋಟೆ ಕಟ್ಟಿಸಿದ್ದನ್ನು ಹೇಳುವ ಶಾಸನದಲ್ಲಿ ಶಕ 465 ಎಂದಿದೆ. 78 ಕೂಡಿಸಿದರೆ 543. ಆದರೆ ಶಕ ವರ್ಷ ಯುಗಾದಿಯಿಂದ ಯುಗಾದಿಗೆ ನಡೆಯುತ್ತದೆ. ಜನವರಿ 1ರಿಂದ ಮುಂದಿನ ಯುಗಾದಿಯವರೆಗಿನ ದಿನಗಳಿಗೆ 79 ಕೂಡಿಸಬೇಕು. ತಿಂಗಳು, ತಿಥಿ ಗೊತ್ತಿದ್ದರೆ ಸರಿಯಾದ ದಿನವನ್ನೇ ಹಿಡಿಯಬಹುದು. ಶಕ ವರ್ಷ ಮಾತ್ರ ಗೊತ್ತಿದ್ದರೆ ಚುಕ್ಕಿ ಇಟ್ಟು, ಮೇಲೆ ಹೇಳಿದ ತುಂಡು ಗೆರೆಯನ್ನು ಆ ಯುಗಾದಿಯಿಂದ ಮುಂದಿನ ಯುಗಾದಿಯವರೆಗೆ ಎಳೆಯಿರಿ.

ಇನ್ನೂ ನಡೆಯುತ್ತಿರುವುದಕ್ಕೆ ಕೊನೆ ಏನು ಕೊಡುವುದು?

ಮೈಸೂರು ವಿಶ್ವವಿದ್ಯಾಲಯ 1916ರ ಜುಲೈ 27ರಿಂದ ಇದೆ. ಟೈಮ್‌ಲೈನ್ 1956ಕ್ಕೆ ನಿಂತರೂ ವಿಶ್ವವಿದ್ಯಾಲಯ ನಿಲ್ಲಲಿಲ್ಲ. ಪಟ್ಟೆಯ ತುದಿಗೆ ಬಾಣ ಹಾಕಿ. ಕೊನೆಯ ಕಾಲಂನಲ್ಲಿ ಈ ವರ್ಷದ ಇಸವಿ ತುಂಬಬೇಡಿ, ಮುಂದಿನ ವರ್ಷ ಅದು ಸುಳ್ಳಾಗುತ್ತದೆ. ಇಡಿಟಿಎಫ್‌ನಲ್ಲಿ 1916-07-27/.. ಎಂದು ಬರೆಯಬಹುದು. ಕೋಲಾರದ ಚಿನ್ನದ ಗಣಿಗೂ ಇದೇ ರೀತಿ, ಆದರೆ ಒಂದು ವ್ಯತ್ಯಾಸ. ಅದು 1956ನ್ನು ದಾಟಿ ಹೋದರೂ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಬಾಣದ ಪಕ್ಕದಲ್ಲಿ ‘2001ರವರೆಗೆ’ ಎಂದು ಬರೆಯಿರಿ. ಟೈಮ್‌ಲೈನ್ ಮುಗಿದದ್ದು ಬೇರೆ, ಘಟನೆ ಮುಗಿದದ್ದು ಬೇರೆ.

ನಡುವೆ ನಿಂತು ಮತ್ತೆ ಶುರುವಾದರೆ?

ಪಟ್ಟೆಯನ್ನು ತುಂಡು ಮಾಡಿ, ಆದರೆ ಒಂದೇ ಸಾಲಿನಲ್ಲಿ, ಒಂದೇ ಬಣ್ಣದಲ್ಲಿ ಇಡಿ. ಬಾದಾಮಿ ಚಾಲುಕ್ಯರನ್ನು 543–753 ಎಂದು ಒಂದೇ ಪಟ್ಟೆಯಾಗಿ ಎಳೆಯುತ್ತಾರೆ. ಆದರೆ 642ರಲ್ಲಿ ಇಮ್ಮಡಿ ಪುಲಕೇಶಿ ಸೋತ ಮೇಲೆ ಬಾದಾಮಿ ಪಲ್ಲವರ ವಶವಾಯಿತು. ಒಂದನೇ ವಿಕ್ರಮಾದಿತ್ಯ 655ರ ಹೊತ್ತಿಗೆ ಅದನ್ನು ಮರಳಿ ಪಡೆದ. ಆ ಹದಿಮೂರು ವರ್ಷದ ಖಾಲಿ ಜಾಗ ಕಾಣಬೇಕು. ಇಲ್ಲದಿದ್ದರೆ ವಿಕ್ರಮಾದಿತ್ಯ ಏನು ಸಾಧಿಸಿದ ಎಂಬುದೇ ಕಾಣುವುದಿಲ್ಲ.

ಮೈಸೂರಿನ ಎಲ್ಲ ರಾಜರನ್ನೂ ಒಂದೇ ಸಾಲಿನಲ್ಲಿ ಇಟ್ಟರೆ ಆಯಿತಲ್ಲ?

ಒಂದು ಸಾಲು ಸಾಕಾಗುವುದಿಲ್ಲ. ಮೈಸೂರಿನ ಕಥೆಯಲ್ಲಿ ಸಿಂಹಾಸನದ ಮೇಲೆ ಇದ್ದವರು ಯಾರು ಎಂಬುದಕ್ಕೂ ಆಡಳಿತ ಯಾರ ಕೈಯಲ್ಲಿತ್ತು ಎಂಬುದಕ್ಕೂ ಬಹಳ ವ್ಯತ್ಯಾಸ ಇದೆ. ಎರಡು ಸಾಲು ಮಾಡಿ.

ಮೇಲಿನ ಸಾಲು ಸಿಂಹಾಸನದ್ದು. ಮುಮ್ಮಡಿ ಕೃಷ್ಣರಾಜ ಒಡೆಯರು 1799–1868, ಹತ್ತನೇ ಚಾಮರಾಜ ಒಡೆಯರು 1868–1894, ನಾಲ್ವಡಿಯವರು 1895–1940, ಆಮೇಲೆ ಜಯಚಾಮರಾಜ ಒಡೆಯರು.

ಕೆಳಗಿನ ಸಾಲು ಆಡಳಿತದ್ದು. 1799ರಿಂದ ಸುಮಾರು 1811ರವರೆಗೆ ಪೂರ್ಣಯ್ಯ, ಯಾಕೆಂದರೆ ಪಟ್ಟಕ್ಕೆ ಬಂದಾಗ ಮುಮ್ಮಡಿಯವರು ಇನ್ನೂ ಮಗು. ಅಲ್ಲಿಂದ 1831ರವರೆಗೆ ಮುಮ್ಮಡಿಯವರದೇ ಆಡಳಿತ. 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳು. ಮಾರ್ಕ್ ಕಬ್ಬನ್ ಒಬ್ಬರೇ 1834ರಿಂದ 1861ರವರೆಗೆ ಇದ್ದರು. 1881ರಿಂದ ಚಾಮರಾಜ ಒಡೆಯರು, 1895ರಿಂದ ಕೆಂಪನಂಜಮ್ಮಣ್ಣಿ, 1902ರಿಂದ ನಾಲ್ವಡಿ.

ಎರಡನ್ನೂ ಮೇಲೆ ಕೆಳಗೆ ಇಟ್ಟು ನೋಡಿದರೆ ಕಣ್ಣು ತೆರೆಯುತ್ತದೆ. ಮುಮ್ಮಡಿಯವರು 69 ವರ್ಷ ರಾಜರಾಗಿದ್ದರು. ತಾವೇ ರಾಜ್ಯ ಆಳಿದ್ದು ಅದರಲ್ಲಿ ಸುಮಾರು 20 ವರ್ಷ ಮಾತ್ರ. ಚಾಮರಾಜ ಒಡೆಯರು ರಾಜರಾದ ಮೇಲೂ ಹದಿಮೂರು ವರ್ಷ ಅಧಿಕಾರಕ್ಕೆ ಕಾಯಬೇಕಾಯಿತು. ಕೆಂಪನಂಜಮ್ಮಣ್ಣಿಯವರ ಹೆಸರು ಮೇಲಿನ ಸಾಲಿನಲ್ಲಿ ಎಲ್ಲೂ ಬರುವುದೇ ಇಲ್ಲ. ಶಿವನಸಮುದ್ರದ ವಿದ್ಯುತ್ ಕೋಲಾರದ ಗಣಿಗೆ ಹರಿದದ್ದು 1902ರ ಜೂನ್ ಕೊನೆಗೆ. ಆ ಚುಕ್ಕಿ ಬೀಳುವುದು ಅವರ ಪಟ್ಟೆಯ ಮೇಲೆ, ಮಗನ ಪಟ್ಟೆಯ ಮೇಲಲ್ಲ. ಒಂದೇ ಸಾಲಿನ ಟೈಮ್‌ಲೈನ್ ಮಾಡುವವರು ಅವರನ್ನು ಗೊತ್ತಿಲ್ಲದೇ ಅಳಿಸಿಹಾಕುತ್ತಿದ್ದಾರೆ.

ಪಟ್ಟೆಗಳು ಒಂದರ ಮೇಲೊಂದು ಬಂದು ಗಿಜಿಗುಡುತ್ತವೆ. ಏನು ಮಾಡಲಿ?

ಗುಂಪು ಮಾಡಿ: ಸಿಂಹಾಸನ, ಆಡಳಿತ, ದಿವಾನರು, ಕಾಮಗಾರಿಗಳು, ಕಷ್ಟಕಾಲ. ಒಂದು ಗುಂಪಿನೊಳಗೆ ಅತಿಕ್ರಮಣ ಆದರೆ ಒಂದನ್ನು ಕೆಳಗೆ ಇಳಿಸಿ, ಅರೆಪಾರದರ್ಶಕ ಬಣ್ಣ ಹಾಕಿ ಒಂದರ ಮೇಲೊಂದು ಬಿಡಬೇಡಿ. 50 ವರ್ಷದ ಕಮಿಷನರ್ ಆಡಳಿತದಂಥ ದೊಡ್ಡದನ್ನು ಪಟ್ಟೆಯ ಬದಲು ಎಲ್ಲ ಸಾಲುಗಳ ಹಿಂದೆ ತೆಳು ಹಿನ್ನೆಲೆಯಾಗಿಯೂ ಹಾಕಬಹುದು. ಆಗ 1876–78ರ ಬರ ಯಾರ ಆಡಳಿತದಲ್ಲಿ ಬಂತು ಎಂದು ಬೇರೆ ಹೇಳಬೇಕಾಗಿಲ್ಲ.

ತೀರಾ ಚಿಕ್ಕ ಅವಧಿಯ ಘಟನೆ ಕಾಣುವುದೇ ಇಲ್ಲವಲ್ಲ?

ಲೆಕ್ಕ ಹಾಕಿ ನೋಡಿ. 1799ರಿಂದ 1956ಕ್ಕೆ 157 ವರ್ಷ. 1000 ಪಿಕ್ಸೆಲ್ ಅಗಲದ ಸ್ಕ್ರೀನಿನಲ್ಲಿ ಒಂದು ವರ್ಷಕ್ಕೆ ಆರು ಪಿಕ್ಸೆಲ್ ಸಿಗುತ್ತದೆ, ಒಂದು ತಿಂಗಳಿಗೆ ಅರ್ಧ ಪಿಕ್ಸೆಲ್. ಶ್ರೀರಂಗಪಟ್ಟಣದ ಮುತ್ತಿಗೆ ಒಂದು ತಿಂಗಳಿನದು. ಕಣ್ಣಿಗೆ ಬೀಳುವುದಾದರೂ ಹೇಗೆ?

ಪಟ್ಟೆಗೆ ಕನಿಷ್ಠ ಅಗಲ ಕೊಟ್ಟು ಉಬ್ಬಿಸುವುದು ಎಲ್ಲರೂ ಮಾಡುವ ಕೆಲಸ. ನನಗೆ ಅದು ಇಷ್ಟ ಇಲ್ಲ. ಆರು ಪಿಕ್ಸೆಲ್ ಕೊಟ್ಟರೆ ಮುತ್ತಿಗೆ ಒಂದು ವರ್ಷ ನಡೆದಂತೆ ಕಾಣುತ್ತದೆ. ದೂರದಿಂದ ನೋಡುವಾಗ ಅದು ಚುಕ್ಕಿಯಾಗಿರಲಿ, ಝೂಮ್ ಮಾಡಿದಾಗ ಪಟ್ಟೆಯಾಗಿ ತೆರೆದುಕೊಳ್ಳಲಿ. ಇದಕ್ಕೆ ಸ್ವಲ್ಪ ಜಾಸ್ತಿ ಕೋಡ್ ಬೇಕು, ಆದರೆ ಮಾಡಬೇಕಾದ್ದು ಇದೇ.

ಇಡೀ 157 ವರ್ಷಕ್ಕೆ ಒಂದು ಅಳತೆ, 1799ಕ್ಕೆ ಮಾತ್ರ ಇನ್ನೊಂದು ಅಳತೆ ಎಂದು ಒಂದೇ ಅಕ್ಷದಲ್ಲಿ ಬೆರೆಸಬೇಡಿ. ಬೇಕಾದರೆ ಆ ವರ್ಷಕ್ಕೆ ಬೇರೆ ಚಿಕ್ಕ ಟೈಮ್‌ಲೈನ್ ಮಾಡಿ.

ಫೋನಿನಲ್ಲಿ ಹೆಸರುಗಳು ತುಂಡಾಗುತ್ತವೆ, ಒತ್ತಕ್ಷರ ಕತ್ತರಿಸಿದ ಹಾಗೆ ಕಾಣುತ್ತದೆ.

360 ಪಿಕ್ಸೆಲ್‌ನ ಫೋನಿನಲ್ಲಿ ವಿಶ್ವೇಶ್ವರಯ್ಯನವರ ಆರು ವರ್ಷಕ್ಕೆ ಸಿಗುವುದು 14 ಪಿಕ್ಸೆಲ್. ಒಂದು ಅಕ್ಷರವೇ ಕಷ್ಟ. ಫೋನಿಗೆ ಟೈಮ್‌ಲೈನನ್ನು ಮೇಲಿಂದ ಕೆಳಕ್ಕೆ ತಿರುಗಿಸಿ. ಪಟ್ಟೆ ಎಡಗಡೆ ನೆಟ್ಟಗೆ ನಿಲ್ಲಲಿ, ಹೆಸರು ಬಲಗಡೆ ಇರಲಿ.

ಅಡ್ಡವಾಗಿಯೇ ಬೇಕಾದರೆ ಹೆಸರನ್ನು ಪಟ್ಟೆಯ ಹೊರಗೆ ಬರೆಯಿರಿ. ಹೆಸರನ್ನು ಕೋಡ್‌ನಲ್ಲಿ ‘ಮೊದಲ ಹತ್ತು ಅಕ್ಷರ’ ಎಂದು ಕತ್ತರಿಸಬೇಡಿ. ಕನ್ನಡದ ಒಂದು ಗುಣಿತಾಕ್ಷರ, ಒತ್ತಕ್ಷರ ಕಂಪ್ಯೂಟರಿಗೆ ಎರಡು, ಮೂರು, ನಾಲ್ಕು ಸಂಕೇತ. ನಡುವೆ ಕತ್ತರಿಸಿದರೆ ‘ಶ್ವೇ’ ಹೋಗಿ ಅರ್ಧ ‘ಶ್’ ಉಳಿಯುತ್ತದೆ. ಕತ್ತರಿಸುವ ಕೆಲಸವನ್ನು ಬ್ರೌಸರಿಗೇ ಬಿಡಿ. ಸಾಲಿನ ಎತ್ತರ ಅಕ್ಷರದ ಗಾತ್ರದ ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ ಇರಲಿ. ಇಂಗ್ಲಿಷಿಗೆ ಅಳತೆ ಮಾಡಿಟ್ಟ ಪಟ್ಟೆಯಲ್ಲಿ ‘ಕೃಷ್ಣ’ದ ಕೆಳಗಿನ ಭಾಗ ಕಾಣದೇ ಹೋಗುತ್ತದೆ.

ಬಣ್ಣ ಎಷ್ಟು ಬಳಸಬಹುದು?

ಗುಂಪಿಗೊಂದು, ಒಟ್ಟು ಐದಾರು. ಹಿನ್ನೆಲೆಗೂ ಪಟ್ಟೆಗೂ ಕನಿಷ್ಠ 3:1, ಅಕ್ಷರಕ್ಕೆ 4.5:1 ಹೊಳಪಿನ ವ್ಯತ್ಯಾಸ ಇರಲಿ. ವೆಬ್‌ನ ಸುಲಭಬಳಕೆಯ ನಿಯಮಗಳು ಹೇಳುವುದು ಇದನ್ನೇ.

ಕಣ್ಣು ಕಾಣದವರಿಗೆ ಪಟ್ಟೆಯ ಉದ್ದ ಹೇಗೆ ತಿಳಿಯಬೇಕು?

ಮಾತಿನಲ್ಲಿ ಬರೆದಿಡಿ. ಪ್ರತಿ ಪಟ್ಟೆಗೂ ‘ರೀಜೆಂಟ್ ಆಡಳಿತ, 1895 ಫೆಬ್ರವರಿಯಿಂದ 1902 ಆಗಸ್ಟ್‌ವರೆಗೆ, ಏಳೂವರೆ ವರ್ಷ’ ಎಂಬಂಥ ವಿವರಣೆ ಸೇರಿಸಿ. ಟೈಮ್‌ಲೈನ್ ಕೆಳಗೆ ಅದೇ ಮಾಹಿತಿಯ ಕೋಷ್ಟಕ ಇರಲಿ: ಹೆಸರು, ಶುರು, ಕೊನೆ, ಎಷ್ಟು ಕಾಲ, ಅದೇ ವೇಳೆ ಏನೇನು ನಡೆಯುತ್ತಿತ್ತು. ಕೊನೆಯ ಕಾಲಂ ಬಿಡಬೇಡಿ. ನೋಡುವವರಿಗೆ ಪಟ್ಟೆಗಳು ಕೊಡುವ ಮುಖ್ಯ ಲಾಭ ಅದೇ, ಕೇಳಿಸಿಕೊಳ್ಳುವವರಿಗೂ ಅದು ಸಿಗಬೇಕು.

ಒಂದು ಪುಸ್ತಕ ಒಂದು ಇಸವಿ ಹೇಳುತ್ತದೆ, ಇನ್ನೊಂದು ಬೇರೆ ಹೇಳುತ್ತದೆ. ಯಾವುದು ಹಾಕಲಿ?

ಮೊದಲು ಎರಡೂ ಒಂದೇ ವಿಷಯದ ಬಗ್ಗೆ ಹೇಳುತ್ತಿವೆಯೇ ನೋಡಿ. ವಿಜಯನಗರ 1336ಕ್ಕೆ ಶುರು. ಕೊನೆ 1565 ಎಂದರೆ 229 ವರ್ಷ, 1646 ಎಂದರೆ 310 ವರ್ಷ. 1565ರ ಜನವರಿ 23ರ ರಕ್ಕಸಗಿ-ತಂಗಡಗಿ ಯುದ್ಧದ ಮೇಲೆ ಹಂಪಿ ಹಾಳಾಯಿತು. ಆದರೆ ಅರವೀಡು ವಂಶದವರು ಪೆನುಕೊಂಡ, ಚಂದ್ರಗಿರಿಗಳಿಂದ ಆಳುತ್ತಾ ಮುಂದುವರಿದರು. ರಾಜಧಾನಿಯ ಕೊನೆ ಒಂದು, ರಾಜ್ಯದ ಕೊನೆ ಇನ್ನೊಂದು. 1565ರವರೆಗೆ ದಟ್ಟ ಬಣ್ಣ, ಅಲ್ಲಿಂದ 1646ರವರೆಗೆ ಅದೇ ಬಣ್ಣದ ತೆಳು ಛಾಯೆ ಹಾಕಿ, ಯಾಕೆಂದು ಒಂದು ಸಾಲು ಬರೆಯಿರಿ.

ಕಾಮಗಾರಿಗಳಿಗೂ ಇದೇ ಮಾತು. 1897ರಲ್ಲಿ ಹಳೆಯದು ಸುಟ್ಟುಹೋದ ಮೇಲೆ ಮೈಸೂರು ಅರಮನೆ ಕಟ್ಟಿದ್ದು 1912ರವರೆಗೆ ಎನ್ನುತ್ತೇವೆ. ಅಣೆಕಟ್ಟಿಗೆ ಗೋಡೆ ಮುಗಿದದ್ದು ಕೊನೆಯೋ, ನಾಲೆಗೆ ನೀರು ಬಿಟ್ಟದ್ದೋ? ಶುರು ಮತ್ತು ಕೊನೆ ಎಂದರೆ ಏನೆಂದು ಒಂದು ಗುಂಪಿಗೆ ಒಂದೇ ಸಲ ತೀರ್ಮಾನಿಸಿ, ಎಲ್ಲಕ್ಕೂ ಅದನ್ನೇ ಪಾಲಿಸಿ.

ಎಷ್ಟು ಘಟನೆ ಹಾಕಬಹುದು?

ಟೈಮ್‌ಲೈನ್ ಜೆಎಸ್ ಮಾಡಿದವರು 20ನ್ನು ದಾಟಬೇಡಿ ಎನ್ನುತ್ತಾರೆ. ಒಂದೊಂದನ್ನೇ ಓದುತ್ತಾ ಹೋಗುವ ಟೈಮ್‌ಲೈನಿಗೆ ಅದು ಸರಿ. ಸಾಲುಗಳಲ್ಲಿ ಹೋಲಿಸಿ ನೋಡುವುದಾದರೆ ಇನ್ನೂ ಜಾಸ್ತಿ ಹಾಕಬಹುದು.

ಶಾಲೆಯ ಗೋಡೆಗೆ ಪ್ರಿಂಟ್ ಮಾಡಿ ಅಂಟಿಸಬಹುದಾ?

ಖಂಡಿತ. ಒಂದು ವರ್ಷಕ್ಕೆ ಒಂದು ಸೆಂಟಿಮೀಟರ್ ಅಳತೆ ಇಟ್ಟುಕೊಳ್ಳಿ. 157 ಸೆಂ.ಮೀ. ಆಗುತ್ತದೆ. ಎ4 ಹಾಳೆಯನ್ನು ಅಡ್ಡ ಇಟ್ಟರೆ ಅಂಚು ಬಿಟ್ಟು ಸುಮಾರು 27 ಸೆಂ.ಮೀ. ಸಿಗುತ್ತದೆ, ಆರು ಹಾಳೆ ಸಾಕು. ಈ ಅಳತೆಯಲ್ಲಿ ಮಕ್ಕಳು ಸ್ಕೇಲ್ ಇಟ್ಟು ಶೇಷಾದ್ರಿ ಅಯ್ಯರ್ 18 ಸೆಂ.ಮೀ., ರಂಗಾಚಾರ್ಲು 2 ಸೆಂ.ಮೀ. ಎಂದು ತಾವೇ ಅಳೆಯಬಹುದು. ಪ್ರಿಂಟ್ ಕೊಡುವಾಗ ‘ಪುಟಕ್ಕೆ ಹೊಂದಿಸು’ ಆಯ್ಕೆ ತೆಗೆದು 100% ಇಡಿ, ಇಲ್ಲದಿದ್ದರೆ ಅಳತೆ ಕೆಡುತ್ತದೆ. ಹಾಳೆಯ ಜೋಡಣೆ ಹತ್ತರ ಗುಣಕದ ಇಸವಿಯಲ್ಲಿ ಬರದಂತೆ ನೋಡಿಕೊಳ್ಳಿ, ಅಂಟಿನ ಕೆಳಗೆ ಅಂಕಿ ಮುಚ್ಚಿಹೋಗುತ್ತದೆ.